ಪುರಾವೆಯಾದ ತೊಟ್ಟಿಲು

ಗುರುವಾರ ಬೆಳಿಗ್ಗೆ ದರ್ಗಾದ ಅಂಗಳ ಗುಡಿಸಲು ಹೋದಾಗ ಹುಣಸೆ ಮರ ಬೋಳಾಗಿ ನಿಂತಿತ್ತು. ಎಲೆ ಉದುರಿರಲಿಲ್ಲ. ಕೆಳಗಿನ ಕೊಂಬೆಗಳಲ್ಲಿ ತೂಗಾಡುತ್ತಿದ್ದ ಕಟ್ಟಿಗೆಯ ಪುಟ್ಟ ತೊಟ್ಟಿಲುಗಳಲ್ಲಿ ಒಂದೂ ಉಳಿದಿರಲಿಲ್ಲ. ಯಾರೋ ಕುಡಗೋಲು ಹಾಕಿ ಕೊಯ್ದಿದ್ದರು. ದಾರದ ತುಂಡುಗಳು, ಬಟ್ಟೆಯ ಚೂರುಗಳು ಮಾತ್ರ ಕೊಂಬೆಗಳಿಗೆ ಅಂಟಿಕೊಂಡು ಗಾಳಿಗೆ ಅಲುಗುತ್ತಿದ್ದವು. ಮರದ ಕಾಂಡಕ್ಕೆ ಹೊಸದೊಂದು ಹಲಗೆ ಹೊಡೆದಿದ್ದರು. 'ಹೆಂಗಸರಿಗೆ ಪ್ರವೇಶವಿಲ್ಲ. ಹರಕೆ ಕಟ್ಟಬಾರದು.' ಕಸಬರಿಗೆ ಹಿಡಿದು ನಾನು ಆ ಹಲಗೆಯ ಕೆಳಗೇ ನಿಂತಿದ್ದೆ. ಇನ್ನು ಮೇಲೆ ಅಂಗಳದ ಕಸ ಯಾರು ಗುಡಿಸಬೇಕು ಎಂಬುದನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಸಿಟ್ಟು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಅವತ್ತೂ ನಿಲ್ಲಲಿಲ್ಲ. ಕೇಳಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ನಮ್ಮದು ಮುಜಾವರರ ಮನೆತನ. ಬೇಡಕಿಹಾಳದಿಂದ ಭೋಜದ ಕಡೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ಇರುವ ಸಣ್ಣ ದರ್ಗಾ. ದೀಪ ಹಚ್ಚುವುದು, ಊದು ಹಾಕುವುದು, ಉರುಸಿನಲ್ಲಿ ಗೋರಿಗೆ ಗಲೀಫು ಹೊದಿಸುವುದು ಮನೆಯ ಗಂಡಸರ ಕೆಲಸ. ಗುಡಿಸುವುದು, ಚಪಾತಿ ಮುರಿದು ಬೆಲ್ಲ ಬೆರೆಸಿ ಮಲೀದೆ ಮಾಡುವುದು, ತೊಟ್ಟಿಲು ಬಿಚ್ಚುವುದು ಹೆಂಗಸರದು. ನಮ್ಮ ಮನೆಮಾತು ಕನ್ನಡ. ಸಂತೆಯ ಮಾತು ಮರಾಠಿ. ಉರ್ದು ನಮ್ಮ ಮನೆಗೆ ಬಂದದ್ದು ಮೈದುನನ ಮೊಬೈಲಿನಲ್ಲಿ, ಈಗೀಗ.

ತೊಟ್ಟಿಲಿನ ವಿಷಯ ಹೇಳಬೇಕು. ಮಕ್ಕಳಾಗದ ಹೆಣ್ಣುಮಕ್ಕಳು ಬಡಿಗನಿಂದ ಅಂಗೈಯಗಲದ ತೊಟ್ಟಿಲು ಮಾಡಿಸಿಕೊಂಡು ಬಂದು ಆ ಹುಣಸೆಗೆ ಕಟ್ಟಿ ಹೋಗುತ್ತಾರೆ. ಕಟ್ಟುವವರಲ್ಲಿ ನಮ್ಮವರಿಗಿಂತ ಕಬ್ಬಿನ ಹೊಲದ ಮನೆಗಳವರು, ಕುರಿ ಸಾಕುವ ಮನೆಗಳವರೇ ಹೆಚ್ಚು. ಕೂಸು ಹುಟ್ಟಿದ ಮೇಲೆ ಕಟ್ಟಿದವಳೇ ಬಂದು ಬಿಚ್ಚುವಂತಿಲ್ಲ. ನಮ್ಮ ಮನೆಯ ಹೆಂಗಸು ಗಂಟು ಬಿಚ್ಚಬೇಕು, ತೊಟ್ಟಿಲು ತೊಳೆಯಬೇಕು, ಆ ಮನೆಗೆ ಒಯ್ದು ಕೂಸಿನ ದೊಡ್ಡ ತೊಟ್ಟಿಲಿನ ಹಗ್ಗಕ್ಕೆ ಕಟ್ಟಬೇಕು. ಆಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಗಂಟನ್ನು ಹಲ್ಲಿನಿಂದ ಕಚ್ಚಬಾರದು, ಕತ್ತರಿ ತಾಗಿಸಬಾರದು. ಎಷ್ಟೇ ಬಿಗಿಯಾಗಿದ್ದರೂ ಉಗುರಿನಿಂದಲೇ. ನಾನು ಹೊಸ ಸೊಸೆಯಾಗಿ ಬಂದಾಗ ಅವಸರ ಮಾಡಿ ಗಂಟು ಎಳೆದಾಡಿದರೆ ಅತ್ತೆ ಬೈಯುತ್ತಿದ್ದರು. "ಅಕಿ ಒಂಬತ್ತ ತಿಂಗಳಾ ತಾಳ್ಯಾಳ, ನಿನಗ ಒಂದ ಗಂಟಿನ ತಾಳಿಕಿ ಇಲ್ಲಲ್ಲಬೇ!"

ಕೊಯ್ದ ತೊಟ್ಟಿಲುಗಳಲ್ಲಿ ಒಂದು ವೈನಿಯ ಮಗಳದು. ವೈನಿ ಅಂದರೆ ನಮ್ಮ ಹಿತ್ತಲಿಗೆ ಹೊಂದಿದ ಮನೆಯಾಕೆ. ಅವರ ಕಬ್ಬಿನ ಹೊಲ ದರ್ಗಾದ ಗೋಡೆಯವರೆಗೂ ಇದೆ. ನನಗಿಂತ ದೊಡ್ಡವರು, ನಾನು ವೈನಿ ಅನ್ನುತ್ತೇನೆ, ಅವರು ಬೂಬು ಅನ್ನುತ್ತಾರೆ. ಅವರ ಮನೆಯ ಮಾದಲಿ ನಮ್ಮ ಮನೆಗೆ ಬರುತ್ತದೆ, ನಮ್ಮ ಮಲೀದೆ ಅವರ ಮನೆಗೆ ಹೋಗುತ್ತದೆ. ಎರಡರ ರುಚಿಯೂ ಹೆಚ್ಚುಕಡಿಮೆ ಒಂದೇ, ಅವರದರಲ್ಲಿ ಏಲಕ್ಕಿ ಜಾಸ್ತಿ. ಅವರ ಮಗಳನ್ನು ರಾಯಬಾಗ ಕಡೆಗೆ ಕೊಟ್ಟಿದ್ದಾರೆ. ಬಹಳ ವರ್ಷ ಆ ಹುಡುಗಿಯ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಮೀರಜಿನ ದವಾಖಾನೆ, ಕೊಲ್ಹಾಪುರದ ದವಾಖಾನೆ, ಅತ್ತೆಮನೆಯ ಮಾತು ಎಲ್ಲ ಮುಗಿದ ಮೇಲೆ ಹೋದ ವರ್ಷ ಬಂದು ತನ್ನ ಲಗ್ನದ ಹಳದಿ ಸೀರೆಯ ಅಂಚು ಹರಿದು, ಅದರಿಂದಲೇ ತೊಟ್ಟಿಲು ಕಟ್ಟಿ ಹೋದಳು. ಈಗ ಹೆಣ್ಣುಕೂಸು ಹುಟ್ಟಿ ತವರಿಗೆ ಬಾಣಂತನಕ್ಕೆ ಬಂದಿದ್ದಾಳೆ. ಆ ಸೋಮವಾರ ಹೆಸರಿಡುವುದಿತ್ತು. ಶನಿವಾರದ ಹೊತ್ತಿಗೆ ತೊಟ್ಟಿಲು ಬಿಚ್ಚಿ ತರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮನೆಗೆ ಬಂದವಳೇ ಗಂಡನನ್ನು ಕೇಳಿದೆ. ಅವರು ಚಹಾ ಕುಡಿಯುತ್ತಿದ್ದರು.

"ಕಮಿಟಿಯವರ ತೀರ್ಮಾನ ಅದು," ಅಂದರು.

"ನಿಮ್ಮನ್ನ ಕೇಳಲಿಲ್ಲೇನ್ರಿ?"

"ಕೇಳಿದ್ರು. ನಾ ಸುಮ್ಮನಿದ್ದೆ."

"ಸುಮ್ಮನ ಕುಂದ್ರಾಕ ಮುಜಾವರ ಯಾಕ ಬೇಕು? ಗೋರ್ಯಾಗ ಮಲಗಿದಾವ್ರು ಅದಾರಲ್ಲ, ಅವರೂ ಸುಮ್ಮನ ಅದಾರ."

ಅವರು ಬಸಿ ಕೆಳಗಿಟ್ಟು ಟೋಪಿ ಸರಿಮಾಡಿಕೊಂಡರು. ಒಳ್ಳೆಯವರು, ಕೈ ಎತ್ತಿದವರಲ್ಲ, ಕುಡಿದವರಲ್ಲ. ಅದಕ್ಕೆ ನಾನು ದಿನಾ ಅಲ್ಲಾನ ಶುಕ್ರ ಮಾಡುತ್ತೇನೆ, ಉಪಕಾರ ನೆನೆಯುತ್ತೇನೆ. ಆದರೆ ಅವರ ಆ ಸುಮ್ಮನಿರುವಿಕೆ ಕೆಲವು ಸಲ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಕಮಿಟಿ ಅಂದರೆ ಅದರ ಮುಂದಾಳು ನನ್ನ ಮೈದುನ. ನಿಪ್ಪಾಣಿಯಲ್ಲಿ ಪಂಪಸೆಟ್ಟಿನ ಮೋಟರು ದುರಸ್ತಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನ ಕೈಯಲ್ಲೇ ಉಂಡು ದೊಡ್ಡವನಾದವನು. ಗಡ್ಡ ಬಿಟ್ಟ, ಪೈಜಾಮ ಮೇಲಕ್ಕೇರಿಸಿದ, ಅದು ಅವನ ಇಷ್ಟ. ಸಿಗರೇಟು ಬಿಟ್ಟದ್ದಕ್ಕೆ ನಾನೇ ಖುಷಿಪಟ್ಟೆ. ಆದರೆ ಎರಡು ವರ್ಷದಿಂದ ಅವನ ಕಣ್ಣಿಗೆ ನಮ್ಮ ಮನೆಯಲ್ಲಿ ತಪ್ಪಿಲ್ಲದ ಕೆಲಸವೇ ಕಾಣುತ್ತಿಲ್ಲ. ಮಲೀದೆಯ ಮುಂದೆ ಫಾತಿಹಾ ಓದಿದರೆ ತಪ್ಪು. ಹರಸಲು ಬಂದವರ ತಲೆಗೆ ನವಿಲುಗರಿ ಆಡಿಸಿದರೆ ತಪ್ಪು. ಮೊಹರಮ್ಮಿಗೆ ಚೊಂಗೆ ಮಾಡಿದರೆ ತಪ್ಪು. ತಿನ್ನುವಾಗ ಮಾತ್ರ ಎರಡು ಜಾಸ್ತಿ ತಿನ್ನುತ್ತಿದ್ದವನು ಅವನೇ.

ಸಂಜೆ ಅಂಗಡಿ ಮುಚ್ಚಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿದೆ.

"ತೊಟ್ಟಲಾ ಎಲ್ಲಿ ಅದಾವು?"

"ಭಾಬಿ, ಕೇಳೂದಿದ್ರ ಅಲ್ಲಾನ್ನ ಕೇಳಬೇಕು. ಗಿಡಕ್ಕ ತೊಟ್ಟಲಾ ಕಟ್ಟೂದು ಶಿರ್ಕ್."

ಶಿರ್ಕ್ ಅಂದರೆ ಅಲ್ಲಾನ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸುವುದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಅದನ್ನು ಅವನು ನನ್ನ ಮುಖದ ಮೇಲೆ ಅಂದ.

"ನಿನಗ ಮೂಗ ಒರಸ್ಕೊಳ್ಳಾಕ ಬರದಾಗಿಂದ ನಾ ಐದ ಹೊತ್ತ ನಮಾಜ ಮಾಡಾಕತ್ತೀನಿ. ಗಿಡಕ್ಕ ಕೈ ಮುಗದದ್ದ ನೋಡಿಯೇನ ಯಾವತ್ತರ? ಗಂಟ ಬಿಚ್ಚುವಾಗ ನಾ ಬಾಯಾಗ ಯಾರ ಹೆಸರ ಹೇಳ್ತೀನಿ ಅಂತ ಬಂದ ಕೇಳಿಯೇನ?"

"ನೀವ ಹೇಳ್ತೀರಿ. ಬರೂ ಮಂದಿ ಏನ ಹೇಳ್ತಾರ?"

"ಅದ ಅವರಿಗೂ ಅಲ್ಲಾಗೂ ಬಿಟ್ಟದ್ದು. ನಿನ್ನನ್ನ ನಡುವ ಯಾರ ಕುಂದ್ರಸಿದ್ರು?"

ಅವನು ದನಿ ತಗ್ಗಿಸಿ ಹೇಳಿದ. "ಕಾಲ ಹೆಂಗೈತಿ ನಿಮಗ ತಿಳಿಯೂದಿಲ್ಲ ಭಾಬಿ. ನಾಳೆ ಒಬ್ಬಾಕಿ ಬಸರ ಇಳೀತಂದ್ರ ಮುಜಾವರ ಮಾಟಾ ಮಾಡಿದಾ ಅಂತಾರ. ಒಬ್ಬಾಕಿ ಗುರುವಾರಕ್ಕೊಮ್ಮೆ ಬಂದ್ಲಂದ್ರ ಜಾತಿ ಕೆಡಸಾಕತ್ತಾರ ಅಂತಾರ. ಎಲ್ಲಾರ ಕೈಯಾಗ ಮೊಬೈಲ ಐತಿ. ಚಿಕ್ಕೋಡಿ ಕೋರ್ಟಿಗೆ ತಿರಗಾವ್ರು ಯಾರು? ನೀವಾ? ಅಣ್ಣಾನಾ? ಅವರಷ್ಟಕ್ಕ ಅವರು, ನಮ್ಮಷ್ಟಕ್ಕ ನಾವು ಇದ್ದಬಿಟ್ರ ಚಲೋ."

ಈ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಅಂಜಿ ಕೊಯ್ದೀವಿ ಅಂತ ಹೇಳು ಹಂಗಾರ. ಅಂಜಿಕಿಗೆ ಅಲ್ಲಾನ ಹೆಸರ ಯಾಕ ಹಚ್ಚತಿ?"

ತೊಟ್ಟಿಲುಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿ ಹಳ್ಳದ ದಂಡೆಯಲ್ಲಿ ಒಗೆದಿದ್ದೇವೆ ಎಂದಷ್ಟೇ ಹೇಳಿ ಅವನು ಕೈಕಾಲು ತೊಳೆಯಲು ಹೋದ.

ಮರುದಿನ ಬೆಳಗಾಗುತ್ತಲೇ ಹಳ್ಳಕ್ಕೆ ಹೋದೆ. ಕಬ್ಬು ಕಡಿದ ಹೊಲದ ಒಣಗರಿಯ ರವದಿ ಬಿದ್ದಿತ್ತು, ಹರಿದ ಚಪ್ಪಲಿ ಬಿದ್ದಿತ್ತು. ಚೀಲ ಇರಲಿಲ್ಲ.

ಅದು ಎಲ್ಲಿಗೆ ಹೋಯಿತೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವೈನಿ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತರು. ಕೈಯಲ್ಲಿ ಮಗಳ ಮೊಬೈಲು. ಅದರಲ್ಲಿ ಹಳ್ಳದ ದಂಡೆ, ಬಾಯಿ ಬಿಚ್ಚಿದ ಚೀಲ, ಚೀಲದಿಂದ ಹೊರಗೆ ಚೆಲ್ಲಿದ ತೊಟ್ಟಿಲುಗಳು, ಅವುಗಳ ನಡುವೆ ಹಳದಿ ಬಟ್ಟೆಯ ಚೂರು. ಮೇಲೆ ಯಾವನದೋ ಗಂಟಲು ಹರಿಯುವ ದನಿ. 'ನಮ್ಮ ಅಕ್ಕತಂಗಿಯರ ಹರಕೆ ತಿಪ್ಪೆಗೆ ಎಸೆದಿದ್ದಾರೆ. ಇನ್ನೂ ಸುಮ್ಮನಿರಬೇಕೆ?' ಊರೆಲ್ಲ ಅದನ್ನು ನೋಡಿ ಆಗಿತ್ತು.

"ಮಗಳು ನಿನ್ನೆಯಿಂದ ಅಳಾಕತ್ತಾಳ. ಹಾಲ ಇಳಿವಲ್ಲದು," ಅಂದರು ವೈನಿ. "ಬೂಬು, ನಿಮ್ಮ ಮಂದಿ ಹಿಂಗ ಮಾಡಬಾರದಿತ್ತು."

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

"ಯಾವ ಮಂದಿ ವೈನಿ? ನಾನೂ?"

ಅವರು ಬೇಲಿಯ ತಂತಿ ಹಿಡಿದುಕೊಂಡು ನಿಂತರು. ನಾನು ಒಳಗೆ ಬಂದು ಹಿಟ್ಟು ನಾದಿದೆ. ಅಷ್ಟು ಹಿಟ್ಟು ಆ ದಿನ ಬೇಕಿರಲಿಲ್ಲ.

ವೀಡಿಯೊದಲ್ಲಿ ಕೂಗಿದವನು ಬೇರೆ ಯಾರೂ ಅಲ್ಲ, ವೈನಿಯ ಭಾವನ ಮಗ. ಊರಿನ ಹುಡುಗರ ಒಂದು ಗುಂಪು ಕಟ್ಟಿಕೊಂಡು ಓಡಾಡುತ್ತಾನೆ. ಅವನೂ ನನ್ನ ಮೈದುನನೂ ಒಂದೇ ಬಾವಿಯಲ್ಲಿ ಈಜು ಕಲಿತವರು. ಹೋದ ವರ್ಷ ತೊಟ್ಟಿಲು ಕಟ್ಟಲು ಹೊರಟಿದ್ದ ಅದೇ ಹುಡುಗಿಯನ್ನು, ತನ್ನ ಕಾಕಾನ ಮಗಳನ್ನು, ದಾರಿಯಲ್ಲಿ ನಿಲ್ಲಿಸಿ, "ದರ್ಗಾಕ್ಕ ಹೋಗಾಕ ನಿನಗ ನಾಚಿಕಿ ಬರೂದಿಲ್ಲೇನ?" ಎಂದು ಕೇಳಿದವನು ಅವನೇ. ಆಗ ತೊಟ್ಟಿಲು ಕಟ್ಟಿದ್ದು ತಪ್ಪು, ಈಗ ತೆಗೆದದ್ದು ತಪ್ಪು. ಹೋದ ವರ್ಷ ಇವನು ಬೇಡ ಅಂದದ್ದನ್ನೇ ಈ ವರ್ಷ ನನ್ನ ಮೈದುನ ಬೇಡ ಅಂದ. ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿದಿದ್ದರೆ ಹಲಗೆ ಹೊಡೆಯುವ ಕೆಲಸ ಹೋದ ವರ್ಷವೇ ಮುಗಿದುಹೋಗುತ್ತಿತ್ತು.

ದೊಡ್ಡವರೂ ಹೀಗೇ. ಮೊದಲು ಇಲೆಕ್ಷನ್ ಬಂತೆಂದರೆ ಎಲ್ಲ ಪಾರ್ಟಿಯವರೂ ನಮ್ಮ ದರ್ಗಾಕ್ಕೆ ಬರುತ್ತಿದ್ದರು. ತಲೆಗೆ ಕರವಸ್ತ್ರ ಕಟ್ಟಿಕೊಂಡು, ಗಲೀಫು ಹೊತ್ತು, ಕ್ಯಾಮೆರಾ ಕಡೆ ಮುಖಮಾಡಿ ದುವಾ ಕೇಳುತ್ತಿದ್ದರು. ಅವರಿಗೆ ಚಹಾ ಮಾಡಿ ಮಾಡಿ ನನ್ನ ಸ್ಟೋವಿನ ಬತ್ತಿ ಸುಟ್ಟಿದೆ. ಈ ಸಲ ಒಬ್ಬರ ಕಾರು ಮಾತ್ರ ರಸ್ತೆಯಲ್ಲೇ ನಿಂತಿತು. ಸಾಹೇಬರು ಇಳಿಯಲಿಲ್ಲ. ಡ್ರೈವರ್ ಗಲೀಫಿನ ಗಂಟು ತಂದು ನನ್ನ ಗಂಡನ ಕೈಗೆ ಕೊಟ್ಟು, "ಫೋಟೋ ಗೀಟೋ ತಗೀಬ್ಯಾಡ್ರಿ ಅಂದಾರ," ಎಂದು ಹೇಳಿ ಹೋದ. ನಮ್ಮ ವೋಟು ಬೇಕು, ಮುಖ ಬೇಡ. ಇನ್ನೊಂದು ಪಾರ್ಟಿಯವರಿಗೆ ಎರಡೂ ಬೇಡ, ನಮ್ಮ ಹೆಸರು ಹೇಳಿ ಹೆದರಿಸಲು ನಾವು ಇಲ್ಲಿ ಇದ್ದರೆ ಸಾಕು. ನಡುವೆ ನನ್ನ ಮೈದುನನಂಥವರು, ಯಾರ ಕಣ್ಣಿಗೂ ಬೀಳದಂತೆ ನಮ್ಮ ದೀನನ್ನು, ಅಂದರೆ ಧರ್ಮವನ್ನು, ತಿಕ್ಕಿ ತೊಳೆದು ಒಳಗಿಡಲು ನೋಡುತ್ತಾರೆ. ನಮ್ಮಂಥ ಹೆಂಗಸರ ತಲೆಯ ಮೇಲಿನ ಸೆರಗಿನ ವಿಚಾರವನ್ನು ಟಿವಿಯಲ್ಲಿ ಕೂತು ನಾಡೆಲ್ಲ ಮಾತಾಡಿತು. ಅಡುಗೆಮನೆಗೆ ಬಂದು ನನ್ನನ್ನು ಕೇಳಿದವರು ಒಬ್ಬರೂ ಇಲ್ಲ.

ಶನಿವಾರ ಮಧ್ಯಾಹ್ನ ವೈನಿ ಮತ್ತೆ ಬೇಲಿಯ ಹತ್ತಿರ ಬಂದರು.

"ಬೂಬು, ಬುರಖಾ ಹಾಕೊ. ನನ್ನ ಜೋಡಿ ಬಾ."

"ಎಲ್ಲಿಗ್ರಿ?"

"ಆ ಭಾಡ್ಯಾನ ಖೋಲಿಗೆ."

ನಿನ್ನೆಯ ಮಾತಿಗೆ ಅವರು ಮಾಫಿ ಕೇಳಲಿಲ್ಲ. ನಾನೂ ಎತ್ತಲಿಲ್ಲ. ಕರೆದರು, ಅಷ್ಟು ಸಾಕಿತ್ತು. ಆ ದಿನದ ಮೊದಲ ಶುಕ್ರ ಅದು.

ಭಾವನ ಮಗನ ಗುಂಪಿನ ಖೋಲಿ ಬಸ್ ಸ್ಟ್ಯಾಂಡಿನ ಹತ್ತಿರ, ಮೊದಲು ಗೊಬ್ಬರದ ಅಂಗಡಿ ಇದ್ದಲ್ಲಿ. ಮೂಲೆಯಲ್ಲಿ ಚೀಲ ಇತ್ತು. ಅದರ ಬಾಯಿಗೆ ಸರಪಳಿ ಸುತ್ತಿ ಕೀಲಿ ಹಾಕಿದ್ದರು. ನನ್ನನ್ನು ನೋಡಿದ ಕೂಡಲೇ ಹುಡುಗರು ಮಾತು ನಿಲ್ಲಿಸಿದರು. ನಾನು ಮೆಟ್ಟಿಲ ಮೇಲೆ ನಿಂತೆ. ವೈನಿ ಒಳಗೆ ಹೋದರು.

"ನನ್ನ ಮಗಳ ತೊಟ್ಟಲಾ ಕೊಡು."

"ಕಾಕೂ, ಅದ ಪುರಾವೆ ಐತಿ. ಸೋಮವಾರ ಚಿಕ್ಕೋಡಿಗೆ ಹೋಗಿ ಕಂಪ್ಲೇಂಟ್ ಕೊಡಾವ್ರದೀವಿ. ಮುಟ್ಟಾಕ ಬರೂದಿಲ್ಲ."

"ಪುರಾವೆ ನಿನ್ನ ಮಾರಿಗೆ ಹಚ್ಚಿಕೊ. ಸೋಮವಾರ ನಿನ್ನ ತಂಗಿ ಮಗಳಿಗೆ ಹೆಸರ ಇಡೂದೈತಿ. ಸ್ವಾದರ ಮಾವ ಆಗಿ ಕೂಸಿಗೆ ಏನ ತರಾಂವ? ಕೀಲಿ ತರ್ತೀಯೇನ?"

ಒಬ್ಬ ಹುಡುಗ ನಕ್ಕ. ಅವನನ್ನು ದಿಟ್ಟಿಸಿ ನೋಡಿ ಭಾವನ ಮಗ ದನಿ ಬದಲಿಸಿದ. "ಆತು, ಕೊಡ್ತೀನಿ. ಒಂದ ಮಾತ ಮೊಬೈಲ ಮುಂದ ಹೇಳ್ರಿ. ನನ್ನ ಮಗಳ ಹರಕಿ ತಿಪ್ಪ್ಯಾಗ ಒಗದಾರ, ನಮಗ ಅವಮಾನ ಆಗೇತಿ ಅಂತ. ಅಷ್ಟ ಸಾಕು."

ಅದು ಸುಳ್ಳು ಮಾತಾಗಿರಲಿಲ್ಲ. ಒಗೆದದ್ದು ಖರೆ, ಅವಮಾನವಾದದ್ದೂ ಖರೆ. ವೈನಿ ಅಷ್ಟು ಹೇಳಿ ತೊಟ್ಟಿಲು ತೆಗೆದುಕೊಂಡು ಹೋದರೆ ಯಾರೂ ಬೈಯುವಂತಿಲ್ಲ. ಆದರೆ ಆ ಮಾತು ಹೋಗಿ ಮುಟ್ಟುವುದು ನನ್ನ ಮನೆಯ ಬಾಗಿಲಿಗೆ. ಸೋಮವಾರ ಅವರ ಮನೆಯಲ್ಲಿ ಹೆಸರಿಡುವಾಗ ನಮ್ಮ ಮನೆಯ ಮುಂದೆ ಪೊಲೀಸ್ ಜೀಪು ನಿಲ್ಲುತ್ತಿತ್ತು.

"ಹಿಡಿ ಮೊಬೈಲಾ," ಅಂದರು ವೈನಿ. ಸೆರಗು ತಲೆಯ ಮೇಲೆ ಎಳೆದುಕೊಂಡರು.

ಅವನು ಹಿಡಿದ.

"ಹ್ವಾದ ವರ್ಷ ನನ್ನ ಮಗಳು ಈ ತೊಟ್ಟಲಾ ಕಟ್ಟಾಕ ಹೊಂಟಾಗ ಹಾದ್ಯಾಗ ಅಡ್ಡ ನಿಂತಾಂವ ಇಂವನ, ನಮ್ಮ ಭಾವನ ಮಗ. ಮುಜಾವರ ಹುಡುಗೂರು ಅದನ್ನ ಕೊಯ್ದು ಒಗದಾರ, ಅವರಿಗೆ ನಾ ಬ್ಯಾರೆ ಬೈತೀನಿ, ಅವರ ಮನೀಗೆ ಹೋಗಿ ಬೈತೀನಿ. ಒಗದದ್ದನ್ನ ಇಂವ ಆರಿಸ್ಕೊಂಡ ಬಂದ ಕೀಲಿ ಹಾಕ್ಯಾನ. ಬಾಣಂತಿ ಅಳಾಕತ್ತಾಳ. ಇಬ್ಬರಿಗೂ ಮಾಡಾಕ ಬ್ಯಾರೆ ಉದ್ಯೋಗ ಇಲ್ಲ."

ಅವನು ಮೊಬೈಲು ಕೆಳಗಿಳಿಸಿದ. "ಏನ ಮಾಡಿದ್ರಿ ಕಾಕೂ!"

"ಮಾತ ಹೇಳಂದಿ, ಹೇಳೀನಿ. ತಗಿ ಕೀಲಿ."

ಆ ವೀಡಿಯೊ ಊರಲ್ಲಿ ಯಾರೂ ನೋಡಲಿಲ್ಲ. ಆದರೆ ಅವನು ಕೀಲಿ ತೆಗೆದ. ವೈನಿ ಚೀಲಕ್ಕೆ ಕೈ ಹಾಕಿ ಹಳದಿ ಅಂಚಿನ ತೊಟ್ಟಿಲು ಎತ್ತಿಕೊಂಡರು. ಉಳಿದವನ್ನೂ ಕೊಡು ಎಂದು ನಾನು ಮೆಟ್ಟಿಲಿಂದಲೇ ಕೇಳಿದೆ. ಅವನು ನನ್ನ ಕಡೆ ನೋಡದೆ ಮತ್ತೆ ಸರಪಳಿ ಸುತ್ತಿದ.

ಹೊರಗೆ ಬಂದ ಮೇಲೆ ವೈನಿಯ ಗಟ್ಟಿ ದನಿ ಎಲ್ಲಿಗೋ ಹೋಯಿತು. ತೊಟ್ಟಿಲನ್ನು ಅಂಗೈಯಲ್ಲಿಟ್ಟುಕೊಂಡು ದಾರಿಯ ಬದಿಗೆ ನಿಂತುಬಿಟ್ಟರು. ಒಂದು ಕಾಲು ಮುರಿದಿತ್ತು. ಬಟ್ಟೆಯ ತುದಿ ಚೊಕ್ಕವಾಗಿ ಕೊಯ್ದಿತ್ತು.

"ಕೊಯ್ದಾರ ಬೂಬು. ಬಿಚ್ಚಿಲ್ಲ. ಕೊಯ್ದದ್ದನ್ನ ಕೂಸಿನ ಮ್ಯಾಲ ಹೆಂಗ ಕಟ್ಟೂದು? ಮಗಳು ಒಪ್ಪೂದಿಲ್ಲ. ನನಗೂ ಜೀವ ಒಪ್ಪವಲ್ಲದು."

ಆಗ ನನಗೆ ಗುರುವಾರ ಬೆಳಿಗ್ಗೆ ನೋಡಿದ್ದು ನೆನಪಾಯಿತು.

"ಅವರು ಗಂಟ ಕೊಯ್ದಿಲ್ಲ ವೈನಿ. ಬಟ್ಟಿ ಕೊಯ್ದಾರ. ಗಂಡಸೂರು, ಕೈಗೆ ಎಟಕಿದಲ್ಲೇ ಕುಡಗೋಲ ಹಾಕ್ಯಾರ. ಗಂಟ ಇನ್ನೂ ಕೊಂಬಿ ಮ್ಯಾಲ ಐತಿ. ನಿಮ್ಮ ಮಗಳು ಹಾಕಿದ ಗಂಟ, ಹಾಕಿದಂಗ ಐತಿ."

ಅವರು ನನ್ನ ಮುಖವನ್ನೇ ನೋಡಿದರು. "ಖರೇನ?"

"ನಾ ನೋಡೀನಿ."

ಭಾನುವಾರ ಬೆಳಿಗ್ಗೆ, ಬಿಸಿಲು ಏರಿದ ಮೇಲೆ, ಎಲ್ಲರೂ ಎದ್ದು ಓಡಾಡುವ ಹೊತ್ತಿನಲ್ಲೇ ಹೋದೆವು. ಕದ್ದು ಹೋಗುವ ಕೆಲಸವಲ್ಲ ಎಂದು ನಾನೇ ಹಟ ಹಿಡಿದೆ. ಭಾವನ ಮಗನೂ ಅವನ ಹುಡುಗರೂ ರಸ್ತೆಯ ಮೇಲೆ ಬೈಕು ನಿಲ್ಲಿಸಿ ಮೊಬೈಲು ಎತ್ತಿ ಹಿಡಿದಿದ್ದರು. ಅಂಗಳದೊಳಗೆ ನನ್ನ ಮೈದುನ, ಕಮಿಟಿಯ ಇನ್ನಿಬ್ಬರು, ಹಲಗೆಯ ಪಕ್ಕದಲ್ಲೇ.

"ಭಾಬಿ, ಹಲಗಿ ಓದಿರಿಲ್ಲೋ?" ಅಂದ ಮೈದುನ.

"ಓದೀನಿ. ಅಕ್ಷರ ಡೊಂಕ ಅದಾವು. ಸರಿ ಅತ್ತಾಗ."

ಯಾವಾಗಲೂ ಒಯ್ಯುವ ಸ್ಟೂಲನ್ನು ಅವತ್ತು ಮರೆತಿದ್ದೆ, ಕೊಂಬೆ ನನ್ನ ಕೈಗೆ ಎಟುಕುತ್ತಿರಲಿಲ್ಲ. ಏನು ಮಾಡುವುದೆಂದು ನೋಡುತ್ತಿದ್ದಾಗ ನನ್ನ ಗಂಡ ಮನೆಯಿಂದ ಸ್ಟೂಲು ಹೊತ್ತುಕೊಂಡು ಬಂದರು. ತಮ್ಮನ ಮುಂದೆಯೇ ದಾಟಿ ಬಂದು ಮರದ ಕೆಳಗೆ ಇಟ್ಟು, ಅಲುಗದಂತೆ ಎರಡೂ ಕೈಯಿಂದ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಆಗಲೂ ಬಾಯಿ ಬಿಡಲಿಲ್ಲ. ಆ ಸಲದ ಮೌನಕ್ಕೆ ನಾನು ಶುಕ್ರ ಮಾಡಿದೆ.

ಮೊದಲು ಕೊಂಬೆಯಿಂದ ಇಳಿಬಿದ್ದ ಹಳದಿ ಚೂರಿಗೆ ತೊಟ್ಟಿಲಿನ ಹಳದಿ ಚೂರು ಕಟ್ಟಿದೆ. ತೊಟ್ಟಿಲು ಮತ್ತೆ ಮರದಲ್ಲಿ ತೂಗಿತು. ಕೆಳಗೆ ನಿಂತ ವೈನಿ ಕೈ ಮುಗಿದರು. ಆಮೇಲೆ ಮೇಲಿನ ಗಂಟಿಗೆ ಕೈ ಹಾಕಿದೆ. ಬಿಸಿಲಿಗೆ ಒಣಗಿ, ಮಳೆಗೆ ನೆಂದು ಆ ಗಂಟು ಕಲ್ಲಾಗಿತ್ತು. ಆ ಹುಡುಗಿ ಎಷ್ಟು ಬಿಗಿದಿದ್ದಳೋ! ಬಿಸ್ಮಿಲ್ಲಾ ಎಂದು ಉಗುರು ಹಚ್ಚಿದೆ. ನಮ್ಮ ಅತ್ತೆ ಎಂದೂ ಬೇರೆ ಹೆಸರು ಹೇಳಿದವರಲ್ಲ, ನಾನೂ ಹೇಳಿಲ್ಲ. ಮೈದುನನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಗಂಟು ಸಡಿಲವಾಗಲಿಲ್ಲ. ಎಲ್ಲರೂ ಕಾದರು. ಮೊಬೈಲು ಹಿಡಿದ ಹುಡುಗರ ಕೈ ಸೋತು ಒಬ್ಬೊಬ್ಬರಾಗಿ ಇಳಿಸಿದರು. "ಲಗೂ ಮಾಡಾಕ ಹೇಳ್ರಿ ಕಾಕೂ," ಎಂದು ಭಾವನ ಮಗ ರಸ್ತೆಯಿಂದ ಕೂಗಿದ. ವೈನಿ ತಿರುಗಿ ನೋಡದೆ, "ನೀ ಹುಟ್ಟುವಾಗ ನಿಮ್ಮವ್ವನ್ನ ಎರಡ ದಿನ ಕಾಯಿಸಿದ್ದಿ, ಸುಮ್ಮನ ನಿಂದ್ರ ಲೇ," ಅಂದರು. ಕಮಿಟಿಯವರಲ್ಲೊಬ್ಬ ಮುಸಿಮುಸಿ ನಕ್ಕ. ನನ್ನ ಉಗುರು ಒಡೆದು ರಕ್ತ ಬಂತು. ಸೆರಗಿಗೆ ಒರೆಸಿಕೊಂಡು ಮತ್ತೆ ಹಚ್ಚಿದೆ. ನನಗೆ ಅವಸರವಿರಲಿಲ್ಲ. ಎರಡೂ ಕಡೆಯವರು ಬಿಸಿಲಲ್ಲಿ ನಿಂತು ಒಂದು ಹೆಣ್ಣುಮಗಳ ಗಂಟು ಎಷ್ಟು ಗಟ್ಟಿ ಎಂದು ನೋಡಲಿ ಅನ್ನಿಸಿತ್ತು.

ಕೊನೆಗೆ ಒಂದು ಎಳೆ ಸಡಿಲಾಯಿತು, ಅದರ ಹಿಂದೆ ಇನ್ನೊಂದು. ತೊಟ್ಟಿಲು ನನ್ನ ಕೈಗೆ ಇಳಿಯಿತು.

ಮರುದಿನ ಅದನ್ನು ತೊಳೆದು, ಮುರಿದ ಕಾಲಿಗೆ ಕಡ್ಡಿ ಕಟ್ಟಿ, ವೈನಿಯ ಮನೆಗೆ ಮುಂಬಾಗಿಲಿನಿಂದಲೇ ಒಯ್ದೆ. ದೊಡ್ಡ ತೊಟ್ಟಿಲಿನ ಹಗ್ಗಕ್ಕೆ ಕಟ್ಟಿದೆ. ಬಾಣಂತಿ ನನ್ನ ಒಡೆದ ಉಗುರು ನೋಡಿ, "ನಾ ಅಷ್ಟ ಬಿಗದಿದ್ನೇನ್ರಿ ಮಾವಶಿ?" ಎಂದು ಕೇಳಿದಳು. ಕೂಸಿಗೆ ಹೆಸರಿಟ್ಟರು. ಭಾವನ ಮಗ ಚಿಕ್ಕೋಡಿಗೆ ಹೋಗಲಿಲ್ಲ, ಹೆಸರಿಡುವಲ್ಲಿಗೂ ಬರಲಿಲ್ಲ. ವೈನಿ ಹೇಳಿದಂತೆ ಸಂಜೆ ನಮ್ಮ ಮನೆಗೆ ಬಂದು ನನ್ನ ಮೈದುನನನ್ನು ಮನಸಾರೆ ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಹಲಗೆ ಮಾತ್ರ ತೆಗೆಯಲಿಲ್ಲ.

ಉಳಿದ ತೊಟ್ಟಿಲುಗಳು ಇನ್ನೂ ಆ ಖೋಲಿಯಲ್ಲಿ ಪುರಾವೆಯಾಗಿ ಬಿದ್ದಿವೆ. ಅವುಗಳ ಗಂಟುಗಳು ಇಲ್ಲಿ ಕೊಂಬೆಯ ಮೇಲಿವೆ. ಕೊಂಬೆ ಕಡಿಯೋಣ ಎಂದು ಕಮಿಟಿಯಲ್ಲಿ ಮಾತು ಬಂದಿದೆಯಂತೆ. ಗುರುವಾರ ಬಂದರೆ ನಾನು ಈಗಲೂ ಗುಡಿಸಲು ಹೋಗುತ್ತೇನೆ. ಹೋದ ವಾರದಿಂದ ಆ ಸ್ಟೂಲನ್ನು ಮನೆಗೆ ತಂದಿಲ್ಲ, ಮರದ ಕೆಳಗೇ ಬಿಟ್ಟಿದ್ದೇನೆ. ಕಸ ಗುಡಿಸಿದ ಮೇಲೆ ಅದರ ಮೇಲೆ ಕೂರುತ್ತೇನೆ, ಹಲಗೆಗೆ ಬೆನ್ನು ಕೊಟ್ಟು.